ಬಿಳೀ ಅಂಚು

ಅಣಬೆ ಕೃಷಿ ಬಲ್ಲವರು ಇದನ್ನು ಓದಿದರೆ ಹತ್ತಾರು ತಪ್ಪು ಹಿಡಿಯಬಹುದು. ನಾನು ಬಲ್ಲವನಲ್ಲ. ಆದರೂ ಹೇಳಲು ಹೊರಟಿದ್ದೇನೆ, ಕ್ಷಮೆ ಇರಲಿ. 2006ರಲ್ಲಿ, ಶಿವರಾತ್ರಿ ಮುಗಿದು ಬಿಸಿಲು ಬಲಿಯುತ್ತಿದ್ದ ಒಂದು ಮುಂಜಾನೆ, ನರೇಗಲ್ಲಿನ ದರ್ಜಿ ಈಶಪ್ಪ ತನ್ನ ಅಕ್ಕ ಶೇಖವ್ವನ ಹೊರಸನ್ನು ಖೋಲಿಯಿಂದ ಎತ್ತಿ ಹಿತ್ತಲಿನ ತಗಡಿನ ಶೆಡ್ಡಿಗೆ ಸಾಗಿಸಿದ. ಹೊರಸಿನ ಹಿಂದೆ ದಿಂಬು ಹೋಯಿತು, ದಿಂಬಿನ ಹಿಂದೆ ಎಲೆ-ಅಡಿಕೆಯ ಸಂಚಿ, ಕೊನೆಗೆ ದಮ್ಮಿನಿಂದ ಏದುಸಿರು ಬಿಡುತ್ತ ಶೇಖವ್ವ.

“ಮನ್ಯಾಗ ಅದೊಂದ ಖೋಲಿ ತಂಪ ಐತಿ ಅಂತ ಅಲ್ಲಿ ಮಲಗತಿದ್ನೆಪಾ,” ಅಂದಳು.

“ಅದಕ್ಕ ಬೇಕಾಗೇತಿ. ಈ ಅಣಬಿ ಭಾಳ ನಾಜೂಕ ಅಕ್ಕಾ, ಬಿಸಲ ತಡಿಯೂದಿಲ್ಲ.”

“ನಾನೂ ತಡಿಯೂದಿಲ್ಲ.”

“ನೀ ಏನ ಅಣಬಿ ಏನ? ಸ್ವಲ್ಪ ಹೊಂದಿಕೋ. ದಮ್ಮಿಗೆ ಇದರಂಥಾ ಔಷಧ ಇಲ್ಲಂತ. ನಿನ್ನ ಸಲವಾಗೇ ಬೆಳಿಯಾಕತ್ತೇನಿ.”

ಇಷ್ಟೆಲ್ಲ ತನ್ನ ಸಲುವಾಗಿಯೇ ಎಂದು ತಿಳಿದ ಮೇಲೆ ಶೇಖವ್ವ ದಿಂಬನ್ನು ಹೊರಸಿನ ಮೇಲಿಟ್ಟಳು. ವಾದಿಸಲು ಉಸಿರಂತೂ ಮೊದಲೇ ಉಳಿದಿರಲಿಲ್ಲ.

ಈಶಪ್ಪ ಧಾರವಾಡದಲ್ಲಿ ಎರಡು ದಿನದ ತರಬೇತಿ ಪಡೆದು ಬಂದಿದ್ದ. ಕಟ್ಟಿಗೆಯ ಹೊಟ್ಟನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಡ್ರಮ್ಮಿನಲ್ಲಿ ಬೇಯಿಸಿ, ಬೀಜ ಹಾಕಿ ಖೋಲಿಯೊಳಗೆ ಸಾಲಾಗಿ ಜೋಡಿಸಿದ. ಗೋಣಿಚೀಲದ ವ್ಯಾಪಾರಿ ಮದರಸಾಬನಿಂದ ಹಳೆಯ ತಟ್ಟುಗಳನ್ನು ತಂದು ಗೋಡೆಗೆ ಇಳಿಬಿಟ್ಟು ಹೊತ್ತುಹೊತ್ತಿಗೆ ನೀರು ಹೊಡೆದ. ನಳಕ್ಕೆ ವಾರಕ್ಕೊಮ್ಮೆ ನೀರು ಬರುವ ಊರು. ಮನೆಯವರು ಜಳಕ ಮುಂದಕ್ಕೆ ಹಾಕಿದರು, ಅಣಬೆ ಮಾತ್ರ ದಿನಾ ಜಳಕ ಮಾಡಿತು. ಹುಳ ಬರಬಾರದೆಂದು ಮಾಳಿಗೆಯ ಬೆಳಕಿಂಡಿಗೆ ಪ್ಲಾಸ್ಟಿಕ್ ಬಿಗಿದು ಮೇಲೊಂದು ಹಂಚು ಮುಚ್ಚಿದ. ಏಪ್ರಿಲ್ ಮುಗಿಯುವ ಹೊತ್ತಿಗೆ ಅಣಬೆ ಬಂತು, ಆದರೆ ಕೊಡೆ ಬಿಚ್ಚಲಿಲ್ಲ. ಜಿಂಕೆಯ ಕೊಂಬಿನಂತೆ ಸಣ್ಣಗೆ, ಮೇಲೆ ಮೇಲೆ ಏರಿತು. ಈಶಪ್ಪ ಇನ್ನೆರಡು ತಟ್ಟು ತೂಗುಹಾಕಿ ಬಾಗಿಲ ಸಂದಿಗೂ ಬಟ್ಟೆ ತುರುಕಿದ.

ಅದೇ ವಾರ ಶೆಡ್ಡಿನ ತಗಡು ಹೆಂಚಿನಂತೆ ಕಾಯಿತು. ತಮ್ಮ ಅಂಗಡಿಗೆ ಹೋದದ್ದನ್ನು ನೋಡಿಕೊಂಡು ಶೇಖವ್ವ ಖೋಲಿಯೊಳಗೆ ನುಸುಳಿದಳು. ತಂಪೇನೋ ಇತ್ತು, ಗಾಳಿ ಇರಲಿಲ್ಲ. ಕೊಂಬುಗಳನ್ನು ನೋಡಿ “ನಿಮಗೂ ದಮ್ಮ ಹತ್ತೇತೇನು?” ಅಂದಳು. ದೋಟಿಯಿಂದ ಪ್ಲಾಸ್ಟಿಕ್ಕಿಗೆ ತಿವಿದು ಮೇಲಿನ ಹಂಚು ಸರಿಸಿದಳು. ಚೀಲಗಳ ನಡುವೆ ಚಾಪೆ ಹಾಸಿ ಮಲಗಿ, ಸಂಜೆಗೆ ಹಂಚು ಮೊದಲಿನಂತೆ ಎಳೆದು ಶೆಡ್ಡಿಗೆ ಮರಳಿದಳು. ಮರುದಿನವೂ ಹೋದಳು. ಆಮೇಲೆ ಅದೇ ರೂಢಿಯಾಯಿತು.

ಮೇ ನಡುವಿಗೆ ಕೊಂಬುಗಳ ತುದಿ ಅಗಲವಾಗಿ ಕೊಡೆ ಬಿಚ್ಚಿದವು. ಮೆರುಗೆಣ್ಣೆ ಹಚ್ಚಿದಂಥ ಕೆಂಪು, ಸುತ್ತಲೂ ಬಿಳಿಯ ಅಂಚು. ತಟ್ಟುಗಳ ಮಹಿಮೆ ತೋರಿಸಲು ಈಶಪ್ಪ ಮದರಸಾಬನನ್ನು ಮಧ್ಯಾಹ್ನವೇ ಕರೆತಂದ. ಬಾಗಿಲು ತೆಗೆದರೆ ಚಾಪೆಯ ಮೇಲೆ ಶೇಖವ್ವ, ನೆತ್ತಿಯ ಮೇಲೆ ತೆರೆದ ಬೆಳಕಿಂಡಿ.

“ಅದನ್ಯಾಕ ತಗದಿ ಅಕ್ಕಾ?”

“ಉಸರ ಕಟ್ಟತಿತ್ತು.”

“ಯಾವಾಗಿಂದ ತಗ್ಯಾಕತ್ತಿ?”

“ಇವು ಕೊಡಿ ಬಿಚ್ಚೂಕಿಂತ ಮೊದಲಿಂದ.”

ಮದರಸಾಬ ತಟ್ಟುಗಳನ್ನೊಮ್ಮೆ, ಬೆಳಕಿಂಡಿಯನ್ನೊಮ್ಮೆ ನೋಡಿದ. “ನನ್ನ ಚೀಲದ ಹೆಸರ ಹೋತಲ್ಲೋ ಈಶಪ್ಪ.”

ಈಶಪ್ಪ ಸಿಟ್ಟಾಗಲಿಲ್ಲ. ಬೆಳೆಗಾರನಾದವನು ಸಣ್ಣಪುಟ್ಟದ್ದಕ್ಕೆ ಸಿಟ್ಟಾಗಬಾರದು. “ಆತು, ಬೆಳಿ ಕೊಯ್ಯೂ ಮಟ ನೀ ಇಲ್ಲೇ ಮಲಗು. ಕಿಂಡಿ ತಗಿ, ಮುಚ್ಚು. ಬರಿಗೈ ಮಾತ್ರ ಹಚ್ಚಬ್ಯಾಡ, ತರಬೇತ್ಯಾಗ ಹೇಳ್ಯಾರ. ಈ ಅಂಚಿನ ಬಿಳಿ ಹೋಗಿ ಪೂರಾ ಕೆಂಪಾದ್ರ ಹಣ್ಣಾದಂಗ. ಅವತ್ತ ಕೊಯ್ಯೂದು.”

“ಕೊಯ್ದ ಮ್ಯಾಲ ನಾ ಎಲ್ಲಿ ಮಲಗ್ಲಿ?”

“ಶೆಡ್ ಐತಲ್ಲ. ಮುಂದಿನ ಬೆಳಿಗೆ ಖೋಲಿ ತೊಳೀಬೇಕು. ಆಮ್ಯಾಲ ನಿನಗ ಹ್ಯಾಂಗೂ ಔಷಧ ಇರತೈತಿ.”

ಮೇ ಮುಗಿದು ಜೂನ್ ಅರ್ಧ ಕಳೆಯಿತು. ಮಳೆ ಇಣುಕಿ ನೋಡಿ ಮುಂದಿನ ಊರಿಗೆ ಹೋಯಿತು, ತಗಡು ಕಾಯುವುದನ್ನು ಬಿಡಲಿಲ್ಲ. ಅಣಬೆಯ ಅಂಚೂ ಬೆಳ್ಳಗೇ ಇತ್ತು. ಈಶಪ್ಪ ದಿನವೂ ಬಾಗಿಲಲ್ಲಿ ನಿಂತು ಇಣುಕುವನು, ಕೈಯಲ್ಲಿದ್ದ ಕತ್ತರಿಯನ್ನು ಮತ್ತೆ ಅಂಗಡಿಗೇ ಒಯ್ಯುವನು. ಕೊನೆಗೆ ಬೇಸತ್ತು ಮದರಸಾಬನನ್ನು ಮತ್ತೆ ಕರೆತಂದ.

“ನೀನ ನೋಡು. ಒಂದರ ಹಣ್ಣಾಗವಲ್ದು. ನೀರ ಹೆಚ್ಚಾಗೇತೋ, ಗಾಳಿ ಕಡಿಮಿ ಆಗೇತೋ.”

ತರಬೇತಿ ಇಲ್ಲದ ಮದರಸಾಬ ಬಗ್ಗಿ ಒಂದು ಕೊಡೆಯ ಅಂಚನ್ನು ಬರಿಗೈಯಿಂದಲೇ ಸವರಿದ. ಬಿಳಿ ಅವನ ಬೆರಳಿಗೆ ಬಂತು. ಅಂಚು ಕೆಂಪಾಯಿತು. ಅವನು ಬೆರಳು ಮಡಚಿಕೊಂಡು ಶೇಖವ್ವನ ಕಡೆ ನೋಡಿದ. ಅವಳು ಸಂಚಿ ಬಿಚ್ಚಿ, ತೊಡೆಯ ಮೇಲೆ ಎಲೆ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

“ಅವಸರ ಮಾಡಬ್ಯಾಡೋ ಈಶಪ್ಪ,” ಅಂದ ಮದರಸಾಬ, ಆ ಕೊಡೆಗೆ ಬೆನ್ನು ಅಡ್ಡ ಮಾಡಿ ನಿಂತು. “ಇನ್ನೂ ಹಸೀ ಐತಿ.” ಆಮೇಲೆ ಶೇಖವ್ವನ ಬಳಿ ಕುಕ್ಕುರುಗಾಲಲ್ಲಿ ಕೂತ. “ಅಕ್ಕಾರ, ನನಗೂ ಒಂದ ಎಲಿ ಕೊಡ್ರಿ. ಸುಣ್ಣ ಬ್ಯಾಡ್ರಿ, ನನ್ನ ಬೆರಳಿಗೆ ಹತ್ತೇತಿ.”

ಈ ಅಣಬೆಯಿಂದ ದಮ್ಮು ಕಡಿಮೆಯಾಗುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ಬೇಸಿಗೆ ಶೇಖವ್ವನಿಗಂತೂ ಕಡಿಮೆಯಾಗಿತ್ತು. ಆದರೆ ಅವಳು ಅದನ್ನು ಇನ್ನೂ ತಿಂದಿರಲಿಲ್ಲ.