ನಡುವಿನವನ ಪಾತ್ರ

“ನಡುವಿನ ತಮ್ಮನ ಪಾತ್ರ ಬೇಡ,” ಎಂದ ಜಯಕುಮಾರ್, ನಾಟಕದ ಹಸ್ತಪ್ರತಿಯ ಮೇಲೆ ಕೆಂಪು ಗೆರೆ ಎಳೆಯುತ್ತ. “ಅಣ್ಣ, ಕೊನೇ ತಮ್ಮ, ಇಬ್ಬರಿದ್ದರೆ ಸಾಕು.”

ನೆಲದ ಮೇಲೆ ಕುಳಿತಿದ್ದ ಚೆಲುವಯ್ಯನೂ ಶುಕೂರನೂ ಮುಖ ಮುಖ ನೋಡಿಕೊಂಡರು. ರೇಷ್ಮೆ ಗೂಡು ಮಾರಿದ ಮೇಲೆ ಮುಂದಿನ ಬೆಳೆಯ ತನಕ ಅಕ್ಕೂರಿನ ಆ ಹುಳು ಸಾಕುವ ಮನೆ ಖಾಲಿ ಇರುತ್ತಿತ್ತು; ನಾಟಕದ ಅಭ್ಯಾಸ ಅಲ್ಲಿಯೇ. ಮೂವರು ಅಣ್ಣತಮ್ಮಂದಿರ ಆ ಒಂದೇ ನಾಟಕವನ್ನು ಮೂವತ್ತು ವರ್ಷ ಪ್ರತಿ ಶಿವರಾತ್ರಿಗೂ ದೇವರ ಸೇವೆಯೆಂದು ಆಡಿದ್ದರು. ಧರ್ಮ ಹೇಳುವ ಅಣ್ಣ ಚೆಲುವಯ್ಯ. ಕಂಡದ್ದೆಲ್ಲ ಬೇಕೆನ್ನುವ ಕೊನೆಯ ತಮ್ಮ, ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವ ಶುಕೂರ್. ಇಬ್ಬರಿಗೂ ರಾಜಿ ಮಾಡಿಸುವ ನಡುವಿನವನು ಬೈರಪ್ಪ. ಬೈರಪ್ಪ ಹೋದ ತಿಂಗಳು ತೀರಿಕೊಂಡಿದ್ದ. ಈ ಸಲದ ನಾಟಕ ಅವನ ಹೆಸರಿನಲ್ಲಿ ಆಗಬೇಕು, ಅವನ ಪಾತ್ರಕ್ಕೆ ಸರಿಯಾದ ಮನುಷ್ಯನೊಬ್ಬ ಸಿಗಬೇಕು. ಇಬ್ಬರು ಮುದುಕರಿಗೆ ಬೇರೆ ಆಸೆ ಉಳಿದಿರಲಿಲ್ಲ.

ಜಯಕುಮಾರ್ ಕನಕಪುರದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ. ನಾಟಕವೆಂದರೇನೆಂದು ಅವನಿಗೆ ತಿಳಿಯದು. ಆ ಅರ್ಹತೆಯ ಮೇಲೆ ಊರಿನ ಯುವಕ ಸಂಘದವರು ಅವನನ್ನು ನಿರ್ದೇಶಕನನ್ನಾಗಿ ಮಾಡಿದ್ದರು.

“ವಿರೂಪಾಕ್ಷಿಪುರದಾಗೆ ಒಬ್ಬ ಅವ್ನೆ ಮೇಷ್ಟ್ರೇ,” ಎಂದ ಚೆಲುವಯ್ಯ. “ಗಂಟ್ಲು ಒಸಿ ಸಣ್ಣ. ಮಾತೆಲ್ಲ ಬಾಯಿಪಾಠ ಐತೆ. ಹೇಳಿ ಕಳ್ಸಾನಾ?”

“ಸಣ್ಣ ಅಲ್ಲ ಚೆಲುವಣ್ಣ, ಅವನಿಗೆ ಗಂಟ್ಲೇ ಇಲ್ಲ,” ಎಂದ ಶುಕೂರ್.

“ನಿನ್ನ ಯಾರ್ಲಾ ಕೇಳಿದ್ದು?”

ಇಂಥ ಮಾತು ಬಂದಾಗ ಬೈರಪ್ಪ ತನ್ನ ಎಲೆಯಡಿಕೆ ಚೀಲವನ್ನು ಇಬ್ಬರ ಮುಂದೆಯೂ ಬಿಚ್ಚುತ್ತಿದ್ದ. ಈಗ ಇಬ್ಬರ ನಡುವೆ ಆ ಚೀಲವಿರಲಿಲ್ಲ.

“ಜನ ಸಿಗೋದು ಬಿಡೋದು ಪ್ರಶ್ನೆ ಅಲ್ಲ ಯಜಮಾನ್ರೇ,” ಎಂದ ಜಯಕುಮಾರ್. “ಇದು ಮನೋವಿಶ್ಲೇಷಣೆ. ಕಥೇಲಿ ಮೂರು ಜನ ಜೊತೆಯಾಗಿ ಬಂದ್ರೆ ಅವರು ಮೂರು ಜನ ಅಲ್ಲ, ಒಂದೇ ಮನಸ್ಸಿನ ಮೂರು ಭಾಗ. ಬೇಕು ಬೇಕು ಅನ್ನೋದು ಇಡ್. ತಪ್ಪು ತಪ್ಪು ಅನ್ನೋದು ಸೂಪರ್ ಈಗೋ. ಎರಡನ್ನೂ ಸಂಭಾಳಿಸೋದು ಈಗೋ.”

“ನಾನು ಯಾವ್ದು?” ಶುಕೂರ್ ಕೇಳಿದ.

“ನೀವು ಇಡ್. ಬರೀ ಆಸೆ. ವಿವೇಕ ಇಲ್ಲ.”

“ನಮ್ಮನೆಯೋಳೂ ಅದನ್ನೇ ಅಂತಾಳೆ. ಅದಕ್ಕೆ ಅವ್ಳು ಕಾಲೇಜಿಗೆ ಹೋಗ್ಬೇಕಾಗ್ಲಿಲ್ಲ.”

“ಚೆಲುವಯ್ಯನೋರು ಸೂಪರ್ ಈಗೋ.”

ಚೆಲುವಯ್ಯನಿಗೆ ಸೂಪರ್ ತಿಳಿಯಿತು, ಈಗೋ ಎಂದರೆ ಜಂಭವೆಂಬುದೂ ತಿಳಿದಿತ್ತು; ಅದರಿಂದ ಸಂತೋಷವೇನೂ ಆಗಲಿಲ್ಲ. “ಬೈರಪ್ಪ?” ಎಂದ.

“ಈಗೋ.”

“ಅಲ್ಲೇ ತಪ್ಪಿದ್ರಿ. ಅವನಿಗೆ ಅದು ಇರ್ಲೇ ಇಲ್ಲ. ಹಾರ ಹಾಕಕ್ಕೆ ಬಂದ್ರೆ ಈ ಶುಕೂರನ ಕೊರಳು ತೋರ್ಸೋನು.”

ಜಯಕುಮಾರ್ ನಕ್ಕ. ದಡ್ಡ ವಿದ್ಯಾರ್ಥಿಗಳಿಗೆಂದೇ ಇಟ್ಟುಕೊಂಡಿದ್ದ ನಗು ಅದು. “ನಾನು ಹೇಳ್ತಿರೋದು ಪಾತ್ರದ ವಿಷಯ. ಈಗೋ ಕಣ್ಣಿಗೆ ಕಾಣೋ ವಸ್ತು ಅಲ್ಲ, ನಿಮ್ಮಿಬ್ಬರ ಜಗಳದ ಒಳಗೇ ಇರುತ್ತೆ. ಅದಕ್ಕೆ ಪೇಟ ಸುತ್ತಿ ನಿಲ್ಲಿಸೋದೆಲ್ಲ ಹಳೇ ಪದ್ಧತಿ. ಜಾಗ ಖಾಲಿ ಬಿಟ್ಟರೆ ನೋಡೋರು ತಾವೇ ತುಂಬ್ಕೋತಾರೆ.”

“ಮೂರೂ ಒಂದೇ ಅಂತೀರಿ,” ಚೆಲುವಯ್ಯ ನಿಧಾನವಾಗಿ ಹೇಳಿದ. “ಹೋದ ತಿಂಗ್ಳು ತ್ವಾಟದ ಮೂಲೇಲಿ ಒಬ್ಬನ್ನ ಮಣ್ಣು ಮಾಡಿ ಬಂದ್ವಿ. ನಾವಿಬ್ಬರೂ ಇಲ್ಲೇ ಕುಂತಿದ್ದೀವಿ. ಹಂಗಾದ್ರೆ ಹೋದೋನ್ಯಾರು?”

“ಅದು ವಾಸ್ತವ. ನಾನು ಸಿದ್ಧಾಂತ ಹೇಳ್ತಿದ್ದೀನಿ.”

“ಇದು ದೇವ್ರ ಸೇವೆ ಮೇಷ್ಟ್ರೇ. ಬಣ್ಣ ಹಚ್ಚೋಕೆ ಮುಂಚೆ ನಾನು ಕರ್ಪೂರ ಹಚ್ತೀನಿ, ಇವ್ನು ನಮಾಜು ಮಾಡ್ಕೊಂಡು ಬತ್ತಾನೆ. ಎರಡೂ ಮುಗಿಯೋ ಗಂಟ ಬೈರಪ್ಪ ಪರದೆ ಎತ್ತಕ್ಕೆ ಬುಡ್ತಿರ್ಲಿಲ್ಲ. ಅವನ ಪಾತ್ರಾನೇ ಕಮ್ಮಿ ಮಾಡಿ ಆಡಿದ್ರೆ ಆ ಪರಮಾತ್ಮ ಏನಂದಾನು?”

“ಪರಮಾತ್ಮನೂ ಸೂಪರ್ ಈಗೋನೇ.”

ಈ ವಿಷಯವಾಗಿ ಜಯಕುಮಾರ್ ಬರೆದ ಪ್ರಬಂಧ ಆಗಲೇ ವಿಚಾರ ಸಂಕಿರಣವೊಂದಕ್ಕೆ ಹೋಗಿತ್ತು. ಅಕ್ಕೂರಿನ ಪ್ರಯೋಗವನ್ನು ಗ್ರಾಮಸ್ಥರು ಕಣ್ಣೀರಿನಿಂದ ಸ್ವಾಗತಿಸಿದರೆಂದು ಅದರಲ್ಲಿತ್ತು. ಇನ್ನು ಪ್ರಯೋಗ ನಡೆಯುವುದೊಂದೇ ಬಾಕಿ.

“ಮೂರನೇ ಅಂಕ, ಪಾಲಿನ ಜಗಳ,” ಎಂದು ಅವನು ಚಪ್ಪಾಳೆ ತಟ್ಟಿದ.

ಇಬ್ಬರೂ ಮೊಣಕಾಲು ಹಿಡಿದುಕೊಂಡು ಎದ್ದರು. ಅಣ್ಣಂದಿರ ಪಾಲೂ ತನಗೇ ಬೇಕೆಂದು ಶುಕೂರ್ ಕೂಗಾಡಿದ. ಅರವತ್ತು ದಾಟಿದ ಗಂಟಲಿಗೆ ಹದಿನೆಂಟರ ದುರಾಸೆ ಇನ್ನೂ ಹೊಂದುತ್ತಿತ್ತು. ಚೆಲುವಯ್ಯ ಧರ್ಮ ಹೇಳಿದ. ಶುಕೂರ್ ಅದರ ಮೇಲೆ ಉಗಿದ. ಚೆಲುವಯ್ಯ ಬಿದಿರಿನ ಕೋಲು ಎತ್ತಿದ. ಮೂವತ್ತು ವರ್ಷವೂ ಈ ಜಾಗದಲ್ಲಿ ಬೈರಪ್ಪ ಓಡಿ ಬಂದು ಅಡ್ಡ ನಿಂತು ಆ ಏಟನ್ನು ಬೆನ್ನಿಗೆ ತೆಗೆದುಕೊಳ್ಳುತ್ತಿದ್ದ. ಏಟು ನಿಜದ್ದೇ. ಮೆಲ್ಲಗೆ ಬಿದ್ದರೆ ಪರದೆಯ ಹಿಂದೆ ಬಂದು ಬೈಯುತ್ತಿದ್ದ.

ಶುಕೂರ್ ತಲೆ ಬಗ್ಗಿಸಿ ನಿಂತ. ಕೋಲು ಮೇಲೆಯೇ ಉಳಿಯಿತು.

“ಹೊಡೀರಿ ಯಜಮಾನ್ರೇ, ಯಾಕೆ ನಿಂತ್ರಿ?” ಜಯಕುಮಾರ್ ಹಸ್ತಪ್ರತಿಯಿಂದ ಕಣ್ಣೆತ್ತಿ ಗದರಿದ. “ನಡುವೆ ಯಾರೂ ಇಲ್ಲ.”

ಶುಕೂರ್ ಬಗ್ಗಿಸಿದ ತಲೆಯನ್ನು ಎತ್ತಲಿಲ್ಲ.

“ಅದನ್ನೇ ಮೇಷ್ಟ್ರೇ,” ಎಂದ, “ಆಗ್ಲಿಂದ ನಾವು ಹೇಳ್ತಾ ಇರೋದು.”