ಕೂಗದವಳು

ಆಸ್ಪತ್ರೆಯ ಗೇಟಿನೆದುರು ಚರ್ಚಿನ ಸಂಘದ ಅಧ್ಯಕ್ಷೆ ತನ್ನ ಗೆಳತಿ ಹಾಡುಗಾರ್ತಿಯ ಕೈಗೆ ಮೈಕ್ ತುರುಕಿದಳು. "ಪೂಜೇಲಿ ಎಲ್ಲರಿಗಿಂತ ಮೇಲೆ ಹಾಡೋ ಗಂಟಲು ನಿಂದು. ನೀನು ಶುರು ಮಾಡು, ನಾವು ಹಿಂದೆ ಕೂಗ್ತೀವಿ."

ಗರ್ಭಪಾತಕ್ಕೆ ಅವಕಾಶ ಕೊಡುವ ಹೊಸ ಕಾನೂನು ಬಂದಾಗಿನಿಂದ ಊರು ಇಬ್ಭಾಗವಾಗಿತ್ತು. ಚರ್ಚಿನವರು ಗೇಟಿನ ಪಕ್ಕ, ಕಾನೂನು ಬೇಕೆನ್ನುವವರು ರಸ್ತೆಯಾಚೆ. ಇಬ್ಬರ ಕೈಯಲ್ಲೂ ಬೋರ್ಡು, ಇಬ್ಬರ ಮುಖವೂ ಕೆಂಪು.

ಹಾಡುಗಾರ್ತಿ ಮೈಕನ್ನು ವಾಪಸು ಚಾಚಿದಳು. "ಪ್ರಾರ್ಥನೆಗೆ ಅಂತ ಬಂದೆ ಕಣೇ. ಕೂಗೋದು ನನ್ನ ಕೈಲಾಗಲ್ಲ."

"ಹೊಟ್ಟೇಲಿರೋ ಕೂಸಿಗೂ ಜೀವ ಇದೆ ಅಂತ ನಂಬ್ತೀಯೋ ಇಲ್ವೋ?"

"ನಿನ್ನಷ್ಟೇ ನಂಬ್ತೀನಿ."

"ಮತ್ಯಾಕೆ ಬಾಯಿಗೆ ಬೀಗ?"

ಹಾಡುಗಾರ್ತಿ ಚಾಚಿದ ಕೈ ಹಿಂದೆಗೆಯಲಿಲ್ಲ. ಚಿಕ್ಕಂದಿನಲ್ಲಿ ಚರ್ಚಿನ ಪೀಠದೆದುರು ಅಕ್ಕಪಕ್ಕ ಮಂಡಿಯೂರಿ ಮೊದಲ ಪರಮಪ್ರಸಾದ ಸ್ವೀಕರಿಸಿದವರು ಅವರಿಬ್ಬರು. ಗೆಳತಿ ಮೈಕ್ ಕಿತ್ತುಕೊಂಡು ಬೆನ್ನು ತಿರುಗಿಸಿದಳು.

ಅಷ್ಟರಲ್ಲಿ ಒಳಗಿನಿಂದ ಹುಡುಗಿಯೊಬ್ಬಳು ಒಬ್ಬಳೇ ಹೊರಬಂದಳು. ಒಂದು ಕೈ ಗೋಡೆಯ ಮೇಲೆ, ಇನ್ನೊಂದರಲ್ಲಿ ಔಷಧಿಯ ಪೊಟ್ಟಣ. ಅವಳನ್ನು ಕಂಡದ್ದೇ ಗೇಟಿನವರ ಘೋಷಣೆ ಏರಿತು. ರಸ್ತೆಯಾಚೆಯವರು ಅವಳ ಪರವಾಗಿ ಇನ್ನೂ ಗಟ್ಟಿಯಾಗಿ ಕೂಗಿದರು. ಹತ್ತಿರಕ್ಕೆ ಮಾತ್ರ ಯಾರೂ ಬರಲಿಲ್ಲ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹುಡುಗಿಯ ಕಾಲು ಕುಸಿಯಿತು. ಹಾಡುಗಾರ್ತಿ ಓಡಿಹೋಗಿ ತೋಳು ಹಿಡಿದಳು.

"ಅಲ್ಲಿಗೆ ಮುಗೀತು ನೋಡಿ, ಇವಳ ಭಕ್ತಿ!" ಹಿಂದಿನಿಂದ ಗೆಳತಿಯ ದನಿ, ಮೈಕಿನಲ್ಲೇ.

ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತಾಗ ಹುಡುಗಿಯ ಕಣ್ಣು ಹಾಡುಗಾರ್ತಿಯ ಕೊರಳಿನ ಶಿಲುಬೆಯ ಮೇಲೆ ಬಿತ್ತು. ತಟ್ಟನೆ ತೋಳು ಬಿಡಿಸಿಕೊಂಡಳು. "ನೀವೂ ಅವರ ಜೊತೆಯೋರೇ ಅಲ್ವಾ?"

"ಹೌದಮ್ಮಾ."

"ಹಾಗಾದ್ರೆ ನೀವೂ ಬೈದುಬಿಡಿ. ನಾನು ಮಾಡಿದ್ದು ತಪ್ಪು ತಾನೇ?"

ಚಿಕ್ಕಂದಿನಿಂದ ಬಾಯಿಪಾಠವಾದ ಮಾತುಗಳು ಅವಳ ನಾಲಿಗೆಯ ತುದಿಗೆ ಬಂದವು. ಅವು ಸುಳ್ಳೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. 'ಇಲ್ಲಮ್ಮಾ, ತಪ್ಪೇನಿಲ್ಲ' ಎಂದುಬಿಡುವುದೂ ಸುಲಭವಿತ್ತು. ಎರಡನ್ನೂ ನುಂಗಿಕೊಂಡಳು.

"ನನ್ನ ಮನಸ್ಸಿಗೆ ತಪ್ಪು ಅಂತಲೇ ಅನ್ಸುತ್ತೆ, ಸುಳ್ಳು ಹೇಳಲ್ಲ. ಆದ್ರೆ ನಿನ್ನ ಜಾಗದಲ್ಲಿ ನಾನು ನಿಂತಿಲ್ಲ. ಮುಖ ಬಿಳಿಚಿಕೊಂಡಿದೆ, ಮೊದಲು ನೀರು ಕುಡಿ."

ಹುಡುಗಿ ಅವಳನ್ನೇ ದಿಟ್ಟಿಸಿದಳು. ಆಮೇಲೆ ಅವಳು ಚಾಚಿದ ನೀರಿನ ಬಾಟಲಿ ತೆಗೆದುಕೊಂಡು ಗಟಗಟ ಕುಡಿದಳು. "ಅಮ್ಮನಿಗೂ ಹೇಳಿಲ್ಲ ನಾನು," ಎಂದು ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಹಾಡುಗಾರ್ತಿ ಅವಳ ಬೆನ್ನ ಮೇಲೆ ಕೈಯಿಡಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಇಟ್ಟಳು. ಹುಡುಗಿ ಅದನ್ನು ಕೊಡವಿಕೊಳ್ಳಲಿಲ್ಲ.

ಬಸ್ಸು ಬಂತು. ಮನೆಯತನಕ ಬರುತ್ತೇನೆಂದರೆ ಹುಡುಗಿ ಒಪ್ಪಲಿಲ್ಲ. ಇಳಿಯುವಲ್ಲಿ ಅಕ್ಕ ಕಾಯುತ್ತಿರುತ್ತಾಳೆ ಎಂದಳು. ಮೆಟ್ಟಿಲು ಹತ್ತಿ, ಕಂಬಿ ಹಿಡಿದು ತಿರುಗಿ ನೋಡಿದಳು.

"ಈಗ ನೀವು ಯಾವ ಕಡೆ ಹೋಗ್ತೀರಾ, ಅಮ್ಮಾ?"

ಹಾಡುಗಾರ್ತಿ ಗೇಟಿನತ್ತ ನೋಡಿದಳು. ಸಾಲಿನಲ್ಲಿ ತಾನು ನಿಂತಿದ್ದ ಜಾಗವನ್ನು ಅಕ್ಕಪಕ್ಕದವರು ಆಗಲೇ ಒತ್ತರಿಸಿಕೊಂಡು ನಿಂತಿದ್ದರು.