ಕಾನೂನು ಓದುವ ಉದ್ದೇಶ

ವಕೀಲ ಪಂಚಾಕ್ಷರಿ ಕೋರ್ಟಿಗೆ ಹೊರಡುವ ಹೊತ್ತಿಗೆ ಹೆಂಡತಿ ನೀಲಾಂಬಿಕೆ ಒಂದು ಅರ್ಜಿ ತಂದು ಮನೆಯ ಆಫೀಸು ಕೋಣೆಯಲ್ಲಿದ್ದ ಅವನ ಮೇಜಿನ ಮೇಲಿಟ್ಟಳು. ಊರಿನ ಲಾ ಕಾಲೇಜಿನ ಅರ್ಜಿ. ನಲವತ್ತೊಂದನೇ ವಯಸ್ಸಿನಲ್ಲಿ ಇವಳಿಗೆ ಓದುವ ಹುಚ್ಚು ಹತ್ತಿದೆಯಲ್ಲ ಎಂದು ಅವನಿಗೆ ನಗು ಬಂತು.

“ಬಸ್ ಸ್ಟ್ಯಾಂಡ್ ಹಿಂದಿನ ಆ ಕಾಲೇಜಾ? ಅಲ್ಲಿ ಪಾಠ ಮಾಡೋರಿಗೇ ಸೆಕ್ಷನ್ ಗೊತ್ತಿಲ್ಲ. ಓದಿ ಬಂದೋರೆಲ್ಲ ಕೋರ್ಟ್ ಕಾಂಪೌಂಡಲ್ಲಿ ಅಫಿಡವಿಟ್ ಬರ್ಕೊಂಡು ಕೂತಿದಾರೆ.”

“ಗೊತ್ತು,” ಎಂದಳು ನೀಲಾಂಬಿಕೆ.

“ಏನ್ ಗೊತ್ತು? ಸಾರಿಗೆ ಹುಣಸೆಹುಳಿ ಎಷ್ಟು ಹಾಕ್ಬೇಕು ಅನ್ನೋದು ಗೊತ್ತು ನಿಂಗೆ. ನಿನ್ನ ನಂಬಿ ಯಾರು ಕೇಸ್ ಕೊಡ್ತಾರೆ?”

“ಯಾರೂ ಕೊಡೋದು ಬೇಡ.”

ನಾಲ್ಕನೇ ಸಲ ಬಾರ್ ಅಸೋಸಿಯೇಷನ್ ಅಧ್ಯಕ್ಷನಾಗಿದ್ದವನಿಗೆ ಈ ಉತ್ತರ ಇನ್ನಷ್ಟು ಮಜಾ ಕೊಟ್ಟಿತು. ಅರ್ಜಿಯನ್ನು ತಿರುವಿ ನೋಡಿದ. ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ತುಂಬಿದ್ದಳು. ‘ಕಾನೂನು ಓದುವ ಉದ್ದೇಶ’ ಎಂಬಲ್ಲಿ ಮಾತ್ರ ಖಾಲಿ ಬಿಟ್ಟಿದ್ದಳು.

“ನೋಡು, ಇದೊಂದು ಸಾಲು ಬರೆಯೋಕೂ ಬರ್ಲಿಲ್ಲ ನಿಂಗೆ. ಹೇಳು, ನಾನೇ ಬರೀತೀನಿ,” ಎಂದು ಪೆನ್ನಿನ ಕ್ಯಾಪು ತೆಗೆದ.

ನೀಲಾಂಬಿಕೆ ಕಕ್ಷಿದಾರರ ಕುರ್ಚಿಯನ್ನು ಎಳೆದುಕೊಂಡು ಅವನೆದುರು ಕುಳಿತಳು. ಇಪ್ಪತ್ತು ವರ್ಷಗಳಲ್ಲಿ ಆ ಕೋಣೆಯಲ್ಲಿ ಅವಳು ಕುಳಿತದ್ದು ಅದೇ ಮೊದಲು.

“ನಿಮ್ಮಿಂದ ಡೈವೋರ್ಸ್ ತಗೊಳ್ಳೋಕೆ ಅಂತ ಬರೀರಿ. ಈ ಊರಲ್ಲಿ ಹನ್ನೊಂದು ಜನ ವಕೀಲರನ್ನ ಕೇಳ್ದೆ, ನಿಮ್ಮ ಹೆಸರು ಹೇಳಿದ ಮೇಲೆ ಒಬ್ಬರೂ ವಕಾಲತ್ತಿಗೆ ಸಹಿ ಹಾಕ್ಲಿಲ್ಲ.”